ಚಿಕ್ಕಮ್ಮ ಕಳಿಸಿದ ಫಾರ್ವರ್ಡ್

ಚಿಕ್ಕಮ್ಮ: (ಫಾರ್ವರ್ಡ್) ಹದಿನೆಂಟರೊಳಗೆ ಹೆತ್ತರೆ ತಾಯಿ, ಮಗು ಇಬ್ಬರೂ ಗಟ್ಟಿ. ವಯಸ್ಸು ಹೋದಷ್ಟೂ ಕಷ್ಟ. ಹೆಣ್ಣುಮಕ್ಕಳಿರುವ ಎಲ್ಲ ತಂದೆತಾಯಿಗೂ ಕಳಿಸಿ 🙏

ಅಣ್ಣ: ಇದನ್ನ ಬರೆದವರು ಯಾರು ಚಿಕ್ಕಮ್ಮ? ಎಲ್ಲಿಂದ ಬಂತು?

ಚಿಕ್ಕಮ್ಮ: ನನಗೆ ಬಂತು, ಹಾಕಿದೆ. ನಿನಗೆ ಎಲ್ಲದಕ್ಕೂ ಪುರಾವೆ ಬೇಕು.

ಇಪ್ಪತ್ತೇಳಾದರೂ ಮದುವೆ ಈಗ ಬೇಡ ಎನ್ನುತ್ತಿರುವ ಅವರ ಮಗಳೂ ಇದೇ ಗುಂಪಿನಲ್ಲಿದ್ದಾಳೆ. ಫಾರ್ವರ್ಡ್ ಯಾರಿಗೆ ಅಂತ ಎಲ್ಲರಿಗೂ ಗೊತ್ತಾಯಿತು. ಅವಳು ಮಾತಾಡಲಿಲ್ಲ.

ದೊಡ್ಡಪ್ಪ: ಬರೆದವರು ಯಾರಾದರೇನು, ಮಾತು ಸರಿಯಿದೆ. ನಾನು ಹುಟ್ಟಿದಾಗ ನಮ್ಮಮ್ಮನಿಗೆ ಹದಿನೇಳು. ಒಂಬತ್ತು ಹೆತ್ತಳು, ಒಂದು ದಿನ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಈಗಿನವರಿಗೆ ತಾಳ್ಮೆಯೂ ಇಲ್ಲ, ಹಿರಿಯರ ಮಾತಿಗೆ ಬೆಲೆಯೂ ಇಲ್ಲ.

ಅತ್ತೆ ಮಗ: ಅಜ್ಜಿ ಅಂದ ತಕ್ಷಣ ಆ ಮರದ ತೊಟ್ಟಿಲು ನೆನಪಾಯ್ತು ಮಾವ. ತೂಗಿದರೆ ಕಿರ್ ಅಂತಿತ್ತು. ಇನ್ನೂ ನಮ್ಮನೆ ಅಟ್ಟದಲ್ಲಿದೆ.

ಚಿಕ್ಕಮ್ಮ: ಓಹೋ, ಇದೆಯಾ? ನನ್ನ ಬಾಣಂತನಕ್ಕೆ ಕೇಳಿದಾಗ ಮುರಿದುಹೋಗಿದೆ ಅಂದಿದ್ರು.

ಅತ್ತೆ: ಆಗ ಮುರಿದೇ ಇತ್ತು. ಆಮೇಲೆ ರಿಪೇರಿ ಮಾಡಿಸಿದ್ದು. ಇಪ್ಪತ್ತೇಳು ವರ್ಷದಿಂದ ಇದನ್ನ ಮನಸ್ಸಲ್ಲಿಟ್ಟುಕೊಂಡು ಕೂತಿದೀಯಾ?

ರಾತ್ರಿ ಪಾಳಿ ಮುಗಿಸಿ ಫೋನ್ ತೆಗೆದಾಗ ತೊಟ್ಟಿಲಿನ ಮೇಲೆ ನಲವತ್ತು ಮೆಸೇಜು. ನವಜಾತ ಶಿಶುಗಳ ವಾರ್ಡಿನಿಂದ ಬಂದವಳಿಗೆ ಸುಮ್ಮನಿರಲು ಆಗಲಿಲ್ಲ.

ನಾನು: ತೊಟ್ಟಿಲು ಆಮೇಲೆ. ಆ ಫಾರ್ವರ್ಡ್ ತಪ್ಪು ಚಿಕ್ಕಮ್ಮ. ಅಣ್ಣ, ನೀನು ಕೇಳಿದ ಮೂಲ ತಗೋ: 20ರಿಂದ 24ರವರಿಗಿಂತ 10ರಿಂದ 19ರೊಳಗಿನ ತಾಯಂದಿರಿಗೆ ಅಪಾಯ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಬಿಪಿ ಏರಿ ಫಿಟ್ಸ್ ಬರೋದು, ಹೆರಿಗೆ ಆದಮೇಲೆ ಗರ್ಭಕೋಶಕ್ಕೆ ಸೋಂಕು ತಗಲೋದು, ಎರಡೂ. ಮುಟ್ಟು ಶುರುವಾಯ್ತು ಅಂದ್ರೆ ಮೈ ಬೆಳೆದು ಮುಗೀತು ಅಂತಲ್ಲ. ಸೊಂಟದ ಎಲುಬು ಆಮೇಲೂ ಕೆಲವು ವರ್ಷ ಬೆಳೀತಾನೇ ಇರುತ್ತೆ. ತಿಂದ ಅನ್ನಕ್ಕೆ ಬೆಳೆಯೋ ಹುಡುಗಿ, ಬೆಳೆಯೋ ಕೂಸು ಇಬ್ಬರೂ ಪಾಲುದಾರರು. ಕೂಸು 37 ವಾರ ತುಂಬೋ ಮುಂಚೆ ಹುಟ್ಟೋದು, 2,500 ಗ್ರಾಂ ಕೂಡ ತೂಗದಿರೋದು ಇವರಲ್ಲಿ ಹೆಚ್ಚು. ತುಂಬಾ ಬೇಗ ಹುಟ್ಟಿದ ಕೂಸಿಗೆ ಉಸಿರಾಡೋಕೆ ಶ್ವಾಸಕೋಶ ತಯಾರಿರಲ್ಲ, ಚರ್ಮದಡಿ ಕೊಬ್ಬಿಲ್ಲದೆ ಮೈ ತಣ್ಣಗಾಗುತ್ತೆ, ಹಾಲು ಚೀಪೋ ಶಕ್ತಿಯೂ ಇರಲ್ಲ.

ನಾನು: ರಾತ್ರಿ ನಾನು ನೋಡಿಕೊಂಡ ಕೂಸು 1,600 ಗ್ರಾಂ. ಪಾದ ನನ್ನ ಹೆಬ್ಬೆರಳಿನಷ್ಟುದ್ದ. ತಾಯಿಗೆ ಹದಿನಾರು. ಬರಿಮೈ ಕೂಸನ್ನ ಅವಳ ಎದೆಗೆ ಒತ್ತಿ ಕಟ್ಟಿದೆ, ತಾಯಿ ಮೈಶಾಖವೇ ಅದಕ್ಕೆ ಕಾವು. "ಅಕ್ಕ, ನಾನು ಉಸಿರು ಬಿಟ್ರೆ ಇದಕ್ಕೆ ನೋವಾಗುತ್ತಾ?" ಅಂತ ಕೇಳಿದಳು.

ಅಣ್ಣ: ಸರಿ, ಆದರೆ ಕಾರಣ ವಯಸ್ಸಾ, ಬಡತನವಾ?

ನಾನು: ಎರಡೂ ಹೆಣೆದುಕೊಂಡಿರುತ್ತೆ. ರಕ್ತಹೀನತೆ, ಬಸಿರು ಮುಚ್ಚಿಟ್ಟು ತಪಾಸಣೆಗೆ ತಡವಾಗಿ ಬರೋದು, ಇವೂ ಸೇರುತ್ತೆ. ಹದಿನೆಂಟು ಹತ್ತೊಂಬತ್ತರವಳಿಗೆ ಒಳ್ಳೆ ಆರೈಕೆ ಸಿಕ್ಕರೆ ಅಪಾಯ ಎಷ್ಟೋ ಇಳಿಯುತ್ತೆ. ಇನ್ನೂ ಚಿಕ್ಕವಳಾದರೆ ಆರೈಕೆಯೊಂದೇ ಸಾಲದು.

ದೊಡ್ಡಪ್ಪ: ನರ್ಸ್ ಆದ ಮಾತ್ರಕ್ಕೆ ನನಗೆ ಪಾಠ ಹೇಳ್ತೀಯಾ? ನಿನ್ನ ಫೀಸ್ ಕಟ್ಟಿದ್ದು ಯಾರು ಅಂತ ನೆನಪಿರಲಿ.

ಫೀಸ್ ಕಟ್ಟಿದ್ದು ಅವರೇ. ಆ ಋಣ ನಾನು ಮರೆತಿಲ್ಲ. ಏನು ಬರೆಯಲಿ ಅಂತ ತಿಳಿಯದೆ ಫೋನ್ ಹಿಡಿದು ಕೂತಿದ್ದೆ. ಹಬ್ಬಕ್ಕೊಂದು ಶುಭಾಶಯ ಬಿಟ್ಟರೆ ಏನೂ ಬರೆಯದ ದೊಡ್ಡಮ್ಮನ ಹೆಸರು ಮೇಲೆ ಕಾಣಿಸಿತು.

ದೊಡ್ಡಮ್ಮ: ರೀ, ಒಂಬತ್ತಲ್ಲ, ಹತ್ತು. ನಿಮಗಿಂತ ಮೊದಲು ಒಂದು ಹೆಣ್ಣಾಗಿತ್ತು. ಆಗ ನಿಮ್ಮಮ್ಮನಿಗೆ ಹದಿನೈದು. ಏಳು ತಿಂಗಳಿಗೇ ಹುಟ್ಟಿ ಮೂರು ದಿನ ಇತ್ತಂತೆ. ಆ ತೊಟ್ಟಿಲು ಮಾಡಿಸಿದ್ದು ಅದಕ್ಕೆ. ನನ್ನ ಚೊಚ್ಚಲ ಬಸಿರಲ್ಲಿ ಅವರೇ ಹೇಳಿದ್ದು.

ಎಲ್ಲರೂ ಓದಿದರು. ಯಾರೂ ಬರೆಯಲಿಲ್ಲ. ಅರ್ಧ ಗಂಟೆಯ ಮೇಲೆ ಚಿಕ್ಕಮ್ಮ.

ಚಿಕ್ಕಮ್ಮ: ಪಕ್ಕದ ಮನೆ ಸೊಸೆಗೆ ಹದಿನೆಂಟು ತುಂಬಿಲ್ಲ, ಎಂಟನೇ ತಿಂಗಳು. ಎರಡು ದಿನದಿಂದ ತಲೆನೋವು, ಮುಖ ಊದಿದೆ. ಬಸುರಿಯರಿಗೆ ಇದೆಲ್ಲ ಇದ್ದಿದ್ದೇ ಅಂತ ನಾನೇ ಹೇಳಿ ಬಂದೆ ಕಣೆ.

ನಾನು: ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಹೇಳಿದ ಫಿಟ್ಸ್‌ಗೆ ಮುಂಚಿನ ಲಕ್ಷಣ ಇರಬಹುದು. ಬಿಪಿ, ಮೂತ್ರದಲ್ಲಿ ಪ್ರೋಟೀನ್ ಎರಡೂ ನೋಡಿಸಿ. ಬಿಪಿ 140/90 ಮುಟ್ಟಿದ್ರೆ ಮನೆಗೆ ವಾಪಸ್ ಅನ್ನೋ ಮಾತೇ ಬೇಡ, ಡಾಕ್ಟರ್ ಹೇಳಿದ ಹಾಗೆ ಮಾಡಿ. ಕಣ್ಣು ಮಂಜಾಗಿದೆಯಾ, ಎದೆಗುಳಿ ನೋಯುತ್ತಾ, ಕೇಳಿ.

ಚಿಕ್ಕಮ್ಮ: ಮಂಜು ಮಂಜು ಅಂತಿದ್ದಳು.

ದೊಡ್ಡಪ್ಪ: ಆಟೋಗೆ ಕಾಯಬೇಡ. ಕಾರು ತರ್ತಿದೀನಿ, ಅವಳನ್ನ ಬಾಗಿಲಿಗೆ ಕರ್ಕೊಂಡು ಬಾ.