ಸಹಾಯ ಬೇಕು: ಗಾಯವಾದ ಕಾಡುಮೊಲದ ಮರಿ, ಕೊರಟಗೆರೆಯಿಂದ ಕೆಂಗೇರಿಗೆ ಹೋಗುವವರಿದ್ದೀರಾ?

ಎಲ್ಲರಿಗೂ ನಮಸ್ಕಾರ. ಕೊರಟಗೆರೆ ಹತ್ತಿರ ನಮ್ಮ ಹೊಲದಲ್ಲಿ ರಾಗಿ ಕೊಯ್ಯುವಾಗ ಎರಡು ಕಾಡುಮೊಲದ ಮರಿ ಸಿಕ್ಕಿವೆ, ಒಂದಕ್ಕೆ ನಾಯಿ ಕಚ್ಚಿ ಹಿಂಗಾಲಿಗೆ ಗಾಯವಾಗಿದೆ. ಇನ್ನೊಂದು ಚೆನ್ನಾಗಿದೆ. ಅದನ್ನು ಅಲ್ಲೇ ಹುಲ್ಲಿನ ಮರೆಗೆ ಬಿಟ್ಟು ನಾಯಿಗಳನ್ನು ಕಟ್ಟಿದ್ದೇವೆ. ತಾಯಿ ಮೊಲ ಹಗಲೆಲ್ಲ ದೂರವೇ ಇದ್ದು, ಕತ್ತಲಾದ ಮೇಲೆ ಬಂದು ಹಾಲು ಕುಡಿಸಿ ಹೋಗುತ್ತದೆ, ಹಾಗಾಗಿ ಒಂಟಿ ಮರಿ ಕಂಡ ತಕ್ಷಣ ಅನಾಥ ಅಂತ ಎತ್ತಿಕೊಂಡು ಬರಬೇಡಿ ದಯವಿಟ್ಟು.

ಗಾಯದ ಮರಿಯನ್ನು ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಕತ್ತಲೆ ಕೋಣೆಯಲ್ಲಿ ಇಟ್ಟಿದ್ದೇವೆ. ಮಕ್ಕಳು ನೋಡಬೇಕು ಅಂತ ಹಠ ಮಾಡುತ್ತಾರೆ, ಬಿಟ್ಟಿಲ್ಲ, ಹೆದರಿಕೆಗೇ ಜೀವ ಬಿಡುವ ಪ್ರಾಣಿ ಅದು. ಹಸುವಿನ ಹಾಲು ಕೊಡಿ ಅಂತ ಸುಮಾರು ಜನ ಹೇಳಿದರು, ಹೊಟ್ಟೆ ಕೆಡುತ್ತದೆ, ಕೊಟ್ಟಿಲ್ಲ. ನಾಯಿ ಹಲ್ಲಿನ ಗಾಯ ಬೇಗ ಕೀವಾಗುತ್ತದೆ ಅಲ್ವಾ, ಅದಕ್ಕೇ ಆತಂಕ ಜಾಸ್ತಿ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ಔಷಧಿ ಹಾಕೋಣ ಅಂದರೆ ಅದು ಬಾಯಿಗೆ ಬಿದ್ದರೆ ಮೊಲದ ಕರುಳು ಕೆಟ್ಟು ಜೀವವೇ ಹೋಗಬಹುದು.

ಇವತ್ತು ಸಂಜೆ ಅಥವಾ ನಾಳೆ ಬೆಳಿಗ್ಗೆ ಕಾರಿನಲ್ಲಿ ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದೀರಾ? ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ತಲುಪಿಸಬೇಕು. ಬಸ್ಸಿನ ಗದ್ದಲ ಅದಕ್ಕೆ ತಡೆಯುವುದಿಲ್ಲ. ನಾನೂ ಜೊತೆಗೆ ಬರುತ್ತೇನೆ, ಪೆಟ್ರೋಲ್ ಖರ್ಚು ನನ್ನದು. ಅರಣ್ಯ ಇಲಾಖೆಯವರಿಗೂ ತಿಳಿಸಿದ್ದೇವೆ. ತುಮಕೂರಿನಲ್ಲಿ ಮೊಲಕ್ಕೆ ಔಷಧಿ ಕೊಟ್ಟು ಅನುಭವ ಇರುವ ಪಶುವೈದ್ಯರು ಗೊತ್ತಿದ್ದರೆ ಅದನ್ನೂ ಹೇಳಿ.

ಸಾಕುತ್ತೇವೆ ಕೊಡಿ ಅನ್ನುವವರು ಸುಮ್ನೆ ಕೇಳಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲ ಸಾಕುವಂತಿಲ್ಲ. ಹೋಗುವವರು ಇಲ್ಲೇ ಮೆಸೇಜ್ ಹಾಕಿ, ಎಷ್ಟು ಹೊತ್ತಿಗಾದರೂ ಸರಿ.