ಗುಡುಗು ಒತ್ತಿದರೆ ಮಳೆ ನಿಂತುಹೋಗುತ್ತೆ

ಗುಂಪು: ಕಾಲೇಜು ನಾಟಕ, ತುಮಕೂರು

ರವಿ: (ಫೋಟೊ, ಜೊತೆಗೆ ಒಂದು ಫೈಲ್)
ನಾಟಕದ ಸೌಂಡ್ ರೆಡಿ ಕಣ್ರಪ್ಪಾ. ಲ್ಯಾಪ್‌ಟಾಪ್ ಕೀಗಳ ಮೇಲೆ ಬಣ್ಣಬಣ್ಣದ ಬಿಂದಿ ಅಂಟಿಸಿದ್ದೇನೆ. ನಮ್ಮನೆಯವಳದ್ದು, ಯಾರೂ ಹೇಳಬೇಡಿ. ಕಂಟ್ರೋಲ್, ಆಲ್ಟ್ ಹಿಡಿದು 1 ಒತ್ತಿದರೆ ಗುಡಿ ಗಂಟೆ, 2 ಮಳೆ, 3 ಗುಡುಗು, 4 ಬಸ್ಸು. ಆಟೊಹಾಟ್‌ಕೀ ಅಂತ ಪುಕ್ಕಟೆ ಸಾಫ್ಟ್‌ವೇರ್, ಒಂದೊಂದು ಸೌಂಡಿಗೆ ಒಂದೊಂದು ಸಾಲು ಬರೆದರೆ ಮುಗೀತು. ಸ್ಕ್ರೀನಲ್ಲಿ ಏನೇ ತೆರೆದಿರಲಿ, ಒತ್ತಿದರೆ ಬರುತ್ತದೆ.

ಮಂಜ: ಬಿಂದಿ ಸೂಪರ್ ಗುರು 😄

ಶೋಭಾ: ಇಷ್ಟೆಲ್ಲಾ ಯಾಕೆ ಬೇಕಿತ್ತು? ಹಾಡು, ವೀಡಿಯೊ ನುಡಿಸೋ ವಿಎಲ್‌ಸಿ ಪ್ಲೇಯರಲ್ಲೇ ಇದೆಯಲ್ಲ. ಪ್ಲೇಲಿಸ್ಟಲ್ಲಿ ಸೌಂಡ್ ಓಡುತ್ತಿರುವಾಗ ಕಂಟ್ರೋಲ್ ಎಫ್1 ಒತ್ತಿ ಗುರುತು ಹಾಕಿಕೊಂಡರೆ ಆಮೇಲೆ ಬರೀ ಎಫ್1 ಸಾಕು, ಹೀಗೆ ಎಫ್10ರ ತನಕ ಹತ್ತು ಸೌಂಡ್. ಕತ್ತಲಲ್ಲಿ ಮೂರು ಕೀ ತಡಕಾಡೋದು ಆಗೋ ಮಾತಾ?

ರವಿ: ನನ್ನ ಲ್ಯಾಪ್‌ಟಾಪಲ್ಲಿ ಎಫ್1 ಒತ್ತಿದರೆ ಇರೋ ಸೌಂಡೂ ಮ್ಯೂಟ್ ಆಗುತ್ತದೆ ತಾಯಿ, ಎಫ್‌ಎನ್ ಕೀನೂ ಹಿಡಿಯಬೇಕು. ಮತ್ತೆ ವಿಎಲ್‌ಸಿ ಒಂದು ಮುಗಿದರೆ ತಾನೇ ಮುಂದಿನದಕ್ಕೆ ಹೋಗುತ್ತದೆ. ಪೂಜಾರಿ ಮಂಗಳಾರತಿ ತಟ್ಟೆ ಎತ್ತೋ ಹೊತ್ತಿಗೆ ಗರ್ಭಗುಡಿಯೊಳಗೆ ಮಳೆ.

ಶೋಭಾ: ಒಂದೊಂದಕ್ಕೂ ನಿಲ್ಲೋ ಹಾಗೆ ಸೆಟ್ಟಿಂಗ್ ಇದೆ ಕಣೋ. ನೋಡದೆ ಮಾತಾಡಬೇಡ.

ನಾಗಣ್ಣ: ಬೆಳಗ್ಗೆಯಿಂದ ಓದುತ್ತಿದ್ದೇನೆ, ಒಬ್ಬರೂ ನಾಟಕದ ಮಾತಾಡಲಿಲ್ಲ. ನಮ್ಮ ಪಕ್ಕದ ಗುಬ್ಬಿಯಲ್ಲಿ 1884ರಲ್ಲೇ ನಾಟಕ ಕಂಪನಿ ಶುರುವಾಯಿತು, ಅವರಿಗೆ ಯಾವ ಕಂಟ್ರೋಲ್ ಆಲ್ಟ್ ಇತ್ತಪ್ಪ? ಈಗಲೂ ಹಳ್ಳಿ ಕಡೆ ಪೌರಾಣಿಕ ನಾಟಕಕ್ಕೆ ಹೋಗಿ ನೋಡಿ. ಹಾರ್ಮೋನಿಯಂ ಮೇಷ್ಟ್ರು ನಟನ ಬಾಯಿ ನೋಡಿಕೊಂಡೇ ಬಾರಿಸುತ್ತಾರೆ. ಅವನು ಮಾತು ಮರೆತು ತಡವರಿಸಿದರೆ ಇನ್ನೊಂದು ಸುತ್ತು ಎಳೆಯುತ್ತಾರೆ, ಬೇಗ ಮುಗಿಸಿದರೆ ಅಲ್ಲೇ ಕಟ್. ನಿಮ್ಮ ಎಂಪಿ3ಗೆ ಕಣ್ಣಿದೆಯಾ?

ರವಿ: ಅಣ್ಣ, ಮೇಷ್ಟ್ರಿಗೆ ದುಡ್ಡು ನೀವು ಕೊಡ್ತೀರಾ? ಮತ್ತೆ ಹಾರ್ಮೋನಿಯಂನಲ್ಲಿ ಬಸ್ಸು ಹೇಗೆ ತರ್ತೀರಾ?

ಮಂಜ: ತಡೀರಿ ತಡೀರಿ. ರವಿ ಫೈಲನ್ನು ನನ್ನ ಕಂಪ್ಯೂಟರಲ್ಲಿ ಹಾಕಿ ನೋಡಿದೆ. 2 ಒತ್ತಿದೆ, ಮಳೆ ಚೆನ್ನಾಗಿ ಬಂತು. 3 ಒತ್ತಿದೆ, ಗುಡುಗು ಬಂತು, ಮಳೆ ಢಮಾರ್ ಅಂತ ನಿಂತೇಹೋಯಿತು. ಗುಡುಗು ಮುಗಿದ ಮೇಲೆ ಪೂರ್ತಿ ಸೈಲೆಂಟ್. ಮೂರನೇ ಸೀನಲ್ಲಿ ಅಜ್ಜಿ ಮಳೆಯಲ್ಲೇ ನೆನೆಯುತ್ತಾ ಎರಡು ಪುಟ ಮಾತಾಡಬೇಕು, ಅಷ್ಟರಲ್ಲಿ ಬಟ್ಟೆ ಒಣಗಿರುತ್ತೆ.

ಶೋಭಾ: 😂😂

ರವಿ: ಅದು ಸೌಂಡ್‌ಪ್ಲೇ ಅನ್ನೋ ಕಮಾಂಡ್. ಒಂದು ಸಲಕ್ಕೆ ಒಂದೇ ನುಡಿಸುತ್ತದೆ, ಹೊಸದು ಬಂದರೆ ಹಳೇದು ಬಂದ್. ಗೊತ್ತಿತ್ತು. ಸರಿ ಮಾಡೋಣ ಅಂತಿದ್ದೆ.

ಶೋಭಾ: ಗೊತ್ತಿದ್ದೂ ರೆಡಿ ಅಂದ್ಯಾ? ಒಂದು ಕೆಲಸ ಮಾಡು. ಮಳೆ ಮಾತ್ರ ವಿಎಲ್‌ಸಿಗೆ ಹಾಕು, ಲೂಪಲ್ಲಿ ಬಿಡು. ಗುಡುಗು, ಗಂಟೆ, ಬಸ್ಸು ನಿನ್ನ ಫೈಲಲ್ಲೇ ಇರಲಿ. ಎರಡೂ ಬೇರೆ ಬೇರೆ ಪ್ರೋಗ್ರಾಮ್ ಅಲ್ವಾ, ಒಟ್ಟಿಗೆ ಕೇಳಿಸುತ್ತವೆ. ವಿಎಲ್‌ಸಿ ಕಿಟಕಿ ಮುಂದೆ ಇಟ್ಟುಕೊಂಡರೆ ಕಂಟ್ರೋಲ್ ಹಿಡಿದು ಕೆಳಗಿನ ಬಾಣ ಒತ್ತುತ್ತಾ ಮಳೇನ ಮೆಲ್ಲಗೆ ಇಳಿಸಬಹುದು. ನಿನ್ನ ಫೈಲಲ್ಲಿ ಅದೂ ಇಲ್ಲ, ಕತ್ತರಿ ಹಾಕಿದ ಹಾಗೆ ನಿಲ್ಲುತ್ತೆ.

ರವಿ: ಹೂಂ. ಆಗಬಹುದು.

ಮಂಜ: ಬಸ್ಸು ನಿಲ್ಲಿಸೋಕೆ ಯಾವ ಕೀ? ಫೈಲಲ್ಲಿ ಕಾಣಲಿಲ್ಲ.

ರವಿ: ಹಾಕಿಲ್ಲ. ತಮಾಷೆ ಅಂದರೆ ಇಲ್ಲದೇ ಇರೋ ಒಂದು ಫೈಲ್ ಹೆಸರು ಕೊಟ್ಟು ನುಡಿಸು ಅಂದರೆ, ಓಡುತ್ತಿರೋದು ನಿಲ್ಲುತ್ತದೆ. ಅದನ್ನು 0ಗೆ ಕೊಡುತ್ತೇನೆ.

ನಾಗಣ್ಣ: ಮೊದಲು ನಿಲ್ಲಿಸೋದು ಮಾಡಬೇಕಿತ್ತು ಕಣೋ. ಕಾಲೇಜಲ್ಲಿ ನಾನು ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು, ಕ್ಯಾಸೆಟ್ಟನ್ನು ಪೆನ್ಸಿಲಲ್ಲಿ ತಿರುಗಿಸಿ ಜಾಗ ಹಿಡಿಯುತ್ತಿದ್ದೆ. ಬಲಗೈ ಪ್ಲೇ ಮೇಲೆ, ಎಡಗೈ ಸ್ಟಾಪ್ ಮೇಲೆ. ಕಣ್ಣು ಸ್ಟೇಜಿನ ಮೇಲೆ. ತಡವಾಗಿ ಶುರುವಾದರೆ ಜನಕ್ಕೆ ಗೊತ್ತಾಗಲ್ಲ, ತಡವಾಗಿ ನಿಂತರೆ ಶಿಳ್ಳೆ ಹಾಕುತ್ತಾರೆ.

ಶೋಭಾ: ಹಾಗಾದರೆ ಕೀ ನೀವೇ ಒತ್ತಿ ಅಣ್ಣ. ನಟರ ಬಾಯಿ ನೋಡೋ ಅಭ್ಯಾಸ ನಿಮಗೇ ಇರೋದು. ರವಿ ಸ್ಕ್ರೀನ್ ನೋಡುತ್ತಾ ಕೂತಿರುತ್ತಾನೆ.

ಮಂಜ: ➕1. ಗಾಬರಿಯಲ್ಲಿ ಶಿಫ್ಟ್ ಮಾತ್ರ ಐದು ಸಲ ಕುಟ್ಟಬೇಡಿ ಅಣ್ಣ, ವಿಂಡೋಸ್ ಸ್ಟಿಕ್ಕಿ ಕೀಸ್ ಬೇಕಾ ಅಂತ ಕೇಳುತ್ತೆ, ಅದರ ಸದ್ದೂ ಸ್ಪೀಕರಲ್ಲೇ ಬರುತ್ತೆ.

ರವಿ: ಅದನ್ನು ಸೆಟ್ಟಿಂಗಲ್ಲಿ ಆಫ್ ಮಾಡಿಬಿಡುತ್ತೇನೆ. ಅಣ್ಣ, ಒಪ್ಪಿಗೆನಾ?

ನಾಗಣ್ಣ: ಭಾನುವಾರ ರಿಹರ್ಸಲ್‌ಗೆ ತಗೊಂಡು ಬಾ, ನೋಡೋಣ. ಆ ಕಂಟ್ರೋಲ್ ಆಲ್ಟ್ ತೆಗೆದುಹಾಕು, ಬರೀ ನಂಬರ್ ಇರಲಿ. ಮತ್ತೆ ಬಣ್ಣ ನನಗೆ ಕತ್ತಲಲ್ಲಿ ಕಾಣಲ್ಲ. 0 ಮೇಲೆ ಕಲ್ಲಿನ ಬಿಂದಿ ಅಂಟಿಸು, ಬೆರಳಿಗೆ ಸಿಗಬೇಕು.

ರವಿ: ಕಲ್ಲಿನದು ತಂಗಿ ಮದುವೆಗೆ ಅಂತ ಎತ್ತಿಟ್ಟಿದ್ದಾಳೆ ಅಣ್ಣ. ಒಂದು ಕಮ್ಮಿ ಆದರೂ ಎಣಿಸುತ್ತಾಳೆ.