ಫ್ರ್ಯಾಕ್ಷನೇಶನ್‌ಗೆ ‘ಹೆಕ್ಕಿಕೆ’ ಅನ್ನಬಹುದೇ?

ಗೆಳೆಯರೇ,

ಕಡಲಿನ ನೈಟ್ರೇಟ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಐಸೋಟೋಪ್ ಫ್ರ್ಯಾಕ್ಷನೇಶನ್’ ಎಂಬುದಕ್ಕೆ ಕನ್ನಡ ಪದ ಸಿಗದೆ ನಿಂತುಬಿಟ್ಟಿದ್ದೇನೆ. (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳೇ ಐಸೋಟೋಪ್‌ಗಳು.)

ವಿಷಯ ಇಷ್ಟು. ನೈಟ್ರೋಜನ್ ಪರಮಾಣುಗಳಲ್ಲಿ ಹೆಚ್ಚಿನವು ಹಗುರದ ನೈಟ್ರೋಜನ್-14. ಭಾರದ ನೈಟ್ರೋಜನ್-15 ಸಾವಿರಕ್ಕೆ ನಾಲ್ಕೂ ಇಲ್ಲ. ಅರಬ್ಬೀ ಸಮುದ್ರದ ನಡು ಆಳದಲ್ಲಿ ಆಕ್ಸಿಜನ್ ತೀರಾ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾ ಅದರ ಬದಲು ನೈಟ್ರೇಟ್ (ನೈಟ್ರೋಜನ್, ಆಕ್ಸಿಜನ್ ಕೂಡಿದ, ನೀರಿನಲ್ಲಿ ಕರಗಿರುವ ವಸ್ತು) ಬಳಸಿ ಉಸಿರಾಡುತ್ತವೆ. ನೈಟ್ರೇಟ್ ಕೊನೆಗೆ ನೈಟ್ರೋಜನ್ ಅನಿಲವಾಗುತ್ತದೆ. ಹಗುರದ್ದು ತುಸು ಬೇಗ ಖರ್ಚಾಗುವುದರಿಂದ ಉಳಿದದ್ದರಲ್ಲಿ ಭಾರದ್ದರ ಪಾಲು ಏರುತ್ತದೆ. ಹೀಗೆ ಒಂದು ಹೆಚ್ಚು, ಒಂದು ಕಡಿಮೆ ಹೋಗುವುದೇ ಫ್ರ್ಯಾಕ್ಷನೇಶನ್. ಗಾಳಿಯಲ್ಲಿ ಈ ಪಾಲು 1000 ಎಂದುಕೊಂಡರೆ ಆಳಸಾಗರದ ನೈಟ್ರೇಟಿನಲ್ಲಿ ಸುಮಾರು 1005, ಅಂದರೆ 5ರಷ್ಟು ಏರಿಕೆ. ಆಕ್ಸಿಜನ್ ಇಲ್ಲದ ನೀರಿನಲ್ಲಿ ಆ ಏರಿಕೆ ಇದರ ಮೂರು ಪಟ್ಟನ್ನೂ ದಾಟುತ್ತದೆ. ಎಷ್ಟು ನೈಟ್ರೇಟ್ ಕಳೆದುಹೋಗಿದೆ ಎಂದು ಇದರಿಂದಲೂ ಲೆಕ್ಕ ಹಾಕುತ್ತಾರೆ.

ಮೊದಲು ‘ಭಿನ್ನೀಕರಣ’ ಎಂದು ಬರೆದೆ. ಓದಿದ ಗೆಳತಿ “ಏನು ಒಡೀತು?” ಅಂದಳು. (ಭಾರದ ನೈಟ್ರೇಟ್ ತಳಕ್ಕೆ ಇಳಿಯುತ್ತಾ ಅಂತಲೂ ಕೇಳಿದಳು. ಇಳಿಯುವುದಿಲ್ಲ. ಆದರೆ ‘ಭಾರ’ ಎಂದರೆ ಹಾಗೆ ಅನ್ನಿಸುವುದು ಸಹಜ ಅಲ್ವಾ?)

ಆಮೇಲೆ ‘ತೂರುವಿಕೆ’ ಹೊಳೆಯಿತು. ಜೊಳ್ಳು ಹಾರಿ ಕಾಳು ಉಳಿಯುತ್ತದೆ, ಚಿತ್ರ ಸೊಗಸಾಗಿದೆ. ಆದರೆ ತೂರಿದ ಮೇಲೆ ಜೊಳ್ಳು ಉಳಿಯುವುದಿಲ್ಲ. ಇಲ್ಲಿ ಉಳಿಯುವುದರಲ್ಲೂ ಹಗುರದ್ದೇ ರಾಶಿ, ವ್ಯತ್ಯಾಸ ಸಾವಿರದ ಲೆಕ್ಕದ್ದು. ಇನ್ನೂ ಒಂದು ತೊಡಕಿದೆ. ನೈಟ್ರೈಟ್ (ಒಂದು ಆಕ್ಸಿಜನ್ ಕಳೆದುಕೊಂಡ ನೈಟ್ರೇಟ್) ಮತ್ತೆ ನೈಟ್ರೇಟ್ ಆಗುವಾಗ ಆಟ ತಿರುವುಮುರುವು, ಭಾರದ್ದೇ ತುಸು ಬೇಗ ಹೋಗುತ್ತದೆ! ಹಾಗಾಗಿ ಹಗುರದ ಸುಳಿವಿರುವ ಯಾವ ಪದವೂ ಒಗ್ಗದು.

ಈಗ ‘ಹೆಕ್ಕು’ ಹಿಡಿದಿದ್ದೇನೆ. ಯಾವುದನ್ನು ಹೆಕ್ಕಿದರು ಎಂದು ಪದವೇ ಹೇಳುವುದಿಲ್ಲ, ಅದೇ ಅನುಕೂಲ. ಕಡಲತಳದ ಕೆಸರಿನ ವಿಷಯಕ್ಕೂ ಹೊಂದುತ್ತದೆ. ಕೆಸರಿನೊಳಗೆ ಇಳಿದ ನೈಟ್ರೇಟ್ ಹೆಚ್ಚುಕಡಿಮೆ ಪೂರ್ತಿ ಖರ್ಚಾಗುತ್ತದೆ. ಎಲ್ಲವನ್ನೂ ಬಾಚಿಕೊಂಡ ಮೇಲೆ ಯಾವುದನ್ನು ಮೊದಲು ಹೆಕ್ಕಿದರೇನು? ಅದಕ್ಕೇ ಮೇಲಿನ ನೀರಿನಲ್ಲಿ ಅದರ ಗುರುತು ಅಷ್ಟಾಗಿ ಕಾಣುವುದಿಲ್ಲ.

ಬ್ಯಾಕ್ಟೀರಿಯಾ ಬೇಕೆಂದೇ ಆರಿಸುತ್ತವೆ ಎಂಬ ಅರ್ಥ ಬರುತ್ತದೆ, ನಿಜ. ಹಗುರದ ಪರಮಾಣುವಿನ ಬಂಧ ಸ್ವಲ್ಪ ಸಲೀಸಾಗಿ ಕಡಿಯುತ್ತದೆ, ಅಷ್ಟೇ. ಆ ದೋಷ ನಾನು ಸಹಿಸಿಕೊಳ್ಳಬಲ್ಲೆ.

ಉಳಿದದ್ದು ನಾಮಪದ. ‘ಹೆಕ್ಕುವಿಕೆ’ ಉದ್ದವಾಯಿತು. ‘ಗಳಿಕೆ’, ‘ಹೇಳಿಕೆ’ ಇದ್ದ ಹಾಗೆ ‘ಹೆಕ್ಕಿಕೆ’ ಅನ್ನಬಹುದೇ? ನನ್ನ ಕಿವಿಗೆ ಸುಮ್ನೆ ಬಿಕ್ಕಳಿಕೆ ಬಂದ ಹಾಗೆ ಕೇಳಿಸುತ್ತಿದೆ. ನಿಮ್ಮ ಕಡೆ ಇದಕ್ಕೆ ಬೇರೆ ರೂಪ ಬಳಕೆಯಲ್ಲಿದ್ದರೆ ತಿಳಿಸಿ.